ಷರಾದಲ್ಲಿ ಬರೆದ ‘ಸಾಕು’

ಜಾಹ್ನವಿ ಬಂದ ದಿನ ಸಬೀನಾ ಮೊದಲು ನೋಡಿದ್ದು ಅವಳ ಕೈಗಳನ್ನು. ಮುಖ ಆಮೇಲೆ. ಹದಿನೈದು ವರ್ಷದ ಮೇಲೆ ಕಂಡ ಗೆಳತಿಯ ಮುಖ ಬಿಟ್ಟು ಕೈ ನೋಡುವುದಕ್ಕೆ ಒಂದು ಕಾರಣ ಬೇಕಲ್ಲ, ಕಾರಣ ಹೊಟ್ಟೆಕಿಚ್ಚು. ಸಬೀನಾಳ ಬೆರಳುಗಳು ಫಾರ್ಮಾಲಿನ್ನಿನಲ್ಲಿ, ಬಿಸಿ ಮೇಣದಲ್ಲಿ ಆಡಿ ಆಡಿ ಹಪ್ಪಳದ ಹಾಗೆ ಒಣಗಿದ್ದವು. ಜಾಹ್ನವಿಯ ಬೆರಳು ನುಣುಪಾಗಿದ್ದವು. ‘ಓದಿದ ಕೈ’ ಎಂದುಕೊಂಡಳು ಸಬೀನಾ. ಓದುವುದು ಕಣ್ಣಿನಿಂದ, ಕೈಯಿಂದಲ್ಲ ಎಂದು ಆಗ ಅವಳಿಗೆ ಹೇಳಹೋದವನು ಪೆಟ್ಟು ತಿನ್ನುತ್ತಿದ್ದ.

“ಸಬೀನಾ! ಅಯ್ಯ, ನೀ ಇನ್ನೂ ಹಂಗ ಇದ್ದೀಯಲ್ಲ!” ಎಂದು ಜಾಹ್ನವಿ ತಬ್ಬಿಕೊಂಡಳು.

ಹಂಗೇ ಇದ್ದೀನಿ, ಅಲ್ಲೇ ಇದ್ದೀನಿ ಎಂದು ಸಬೀನಾ ಒಳಗೇ ಹಲ್ಲು ಕಡಿದಳು. ಬಾಯಲ್ಲಿ, “ಬಾ, ಕುಂಡ್ರು. ಚಾ ತರಸ್ತೀನಿ,” ಎಂದಳು.

ಇಬ್ಬರೂ ಲಕ್ಷ್ಮೇಶ್ವರದವರು. ಜಾಹ್ನವಿಯದು ಗುಡಿಯ ಸೇವೆಯ ಮನೆತನ; ತಾಯಿ ಸರಸ್ವತಿಬಾಯಿ ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದ ಅಕ್ಕೋರು. ಸಬೀನಾಳ ತಂದೆ ರಹಮಾನಸಾಬ ತಾಮ್ರ ಹಿತ್ತಾಳೆಗೆ ಕಲಾಯಿ ಹಾಕುವವನು. ಅಕ್ಕೋರ ಮನೆಯ ಪಾತ್ರೆಗಳೂ ಅವನ ಕೈಯಲ್ಲೇ ಹೊಳೆದವು. ಹುಡುಗಿಯರಿಬ್ಬರೂ ಒಂದೇ ಬಸ್ಸಿನಲ್ಲಿ ಗದಗದ ಕಾಲೇಜಿಗೆ ಬರುತ್ತಿದ್ದರು. ಕಿಟಕಿಯ ಸೀಟು ಹೋಗುವಾಗ ಒಬ್ಬಳಿಗೆ, ಬರುವಾಗ ಇನ್ನೊಬ್ಬಳಿಗೆ. ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಸಬೀನಾಳಿಗೆ ಜಾಹ್ನವಿಗಿಂತ ಒಂಬತ್ತು ಅಂಕ ಹೆಚ್ಚು ಬಂದಿದ್ದವು. ಆ ಒಂಬತ್ತನ್ನು ಅವಳು ಇಂದಿಗೂ ಬಿಟ್ಟಿರಲಿಲ್ಲ. ಜಾಹ್ನವಿಗೆ ಅದು ನೆನಪಿರಲಿಕ್ಕಿಲ್ಲ. ಮುಂದೆ ಹೋದವರು ಹಿಂದಿನ ಅಂಕ ಎಣಿಸುವುದಿಲ್ಲ. ಮೂರನೆಯ ವರ್ಷ ಸಬೀನಾಳ ಮನೆಗೆ ಒಂದು ಆಪತ್ತು ಬಂತು, ಅವಳು ಕಾಲೇಜು ಬಿಟ್ಟು ಈ ಲ್ಯಾಬಿಗೆ ಸೇರಿದಳು. ಜಾಹ್ನವಿ ಓದುತ್ತ ಓದುತ್ತ ಹೋಗಿ ಡಾಕ್ಟರ್ ಜಾಹ್ನವಿಯಾದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಸಂಶೋಧನೆಯ ಡಾಕ್ಟರು.

ಲ್ಯಾಬು ಬೆಟಗೇರಿಗೆ ಹೋಗುವ ರಸ್ತೆಯಲ್ಲಿ, ಔಷಧದಂಗಡಿಯ ಮೇಲಿನ ಮಹಡಿಯಲ್ಲಿ. ಆಪರೇಶನ್ನಿನಲ್ಲಿ ತೆಗೆದ ಗಡ್ಡೆಯ ತುಣುಕು ಇಲ್ಲಿಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ ಬೆಂಕಿಪೆಟ್ಟಿಗೆಯಷ್ಟು ಬಿಲ್ಲೆ ಮಾಡುತ್ತಾರೆ, ಅದಕ್ಕೆ ಬ್ಲಾಕು ಎನ್ನುತ್ತಾರೆ. ಬ್ಲಾಕನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಾಸಿ ಕೊಡುವುದು ಸಬೀನಾಳ ಕೆಲಸ. ನೋಡಿ ರೋಗದ ಹೆಸರು ಹೇಳುವುದು ದೊಡ್ಡ ಡಾಕ್ಟರ ಕೆಲಸ. ಕೊಯ್ದು ಉಳಿದ ಬ್ಲಾಕುಗಳು ಹಿಂದಿನ ಕೋಣೆಯ ಕಬ್ಬಿಣದ ಕಪಾಟು ಸೇರುತ್ತವೆ. ಗದಗ ಹೊಸ ಜಿಲ್ಲೆಯಾದ ವರ್ಷ ಲ್ಯಾಬು ಶುರುವಾದದ್ದು, ಅಂದಿನ ಮೊದಲ ಬ್ಲಾಕೂ ಅಲ್ಲೇ ಇದೆ. ಅದರ ಕೀಲಿ ಸಬೀನಾಳ ಸೊಂಟದಲ್ಲಿ.

ಜಾಹ್ನವಿ ಬಂದದ್ದು ಆ ಕಪಾಟಿಗಾಗಿ. ದೊಡ್ಡ ಡಾಕ್ಟರು ಮೊದಲೇ ಒಪ್ಪಿಗೆ ಕೊಟ್ಟಿದ್ದರು.

“ಸಣ್ಣ ಹುಡುಗರ ಕಿಡ್ನಿ ಗಡ್ಡಿ ಇರ್ತಾವಲ್ಲ, ಅವು ಎಲ್ಲಾ ಬೇಕು ನನಗ. ಎಷ್ಟು ಹಳೇವಿದ್ರೂ ನಡೀತದ,” ಎಂದಳು.

“ಹದಿನೈದು ವರ್ಷದ ಬ್ಲಾಕಿನ್ಯಾಗ ಏನ ಉಳದಿರ್ತೈತಿ?”

“ದೊಡ್ಡ ಎಳಿ ಎಲ್ಲಾ ಮುರದು ಹೋಗಿರ್ತಾವ. ಭಾಳ ಸಣ್ಣವು ಇರ್ತಾವ ನೋಡು, ಇಪ್ಪತ್ತು ಇಪ್ಪತ್ತೆರಡು ಅಕ್ಷರದವು, ಅವು ಹಂಗ ಉಳದಿರ್ತಾವ. ನನಗ ಬೇಕಾಗಿದ್ದೂ ಅವ.”

ಆಮೇಲೆ ಚಹಾ ಆರುವವರೆಗೂ ಅವಳು ಅದನ್ನೇ ಹೇಳಿದಳು. ಜೀವಕೋಶದೊಳಗಿನ ಆರ್‌ಎನ್‌ಎ ಎಳೆಗಳಲ್ಲಿ ಕೆಲವು ಪ್ರೋಟೀನು ಕಟ್ಟುವ ಬರಹವನ್ನು ಹೊತ್ತು ನಡೆಯುತ್ತವೆ. ಇನ್ನು ಕೆಲವು ಅಂಥ ಯಾವ ಬರಹವನ್ನೂ ಹೊರುವುದಿಲ್ಲ, ಏನನ್ನೂ ಕಟ್ಟುವುದಿಲ್ಲ. ಬಹಳ ಕಾಲ ಪಂಡಿತರು ಅವುಗಳನ್ನು ಮೂಲೆಗೆ ಗುಡಿಸಿದ್ದರು. ಈಗ ನೋಡಿದರೆ ಉಳಿದವರ ಬರಹವನ್ನು ಹೊತ್ತಿಗೆ ಸರಿಯಾಗಿ ತಡೆಯುವವು ಅವೇ. ಹೊಟ್ಟೆಯೊಳಗಿನ ಕೂಸಿಗೆ ಮೂತ್ರಪಿಂಡ ಕಟ್ಟುವ ಕೋಶಗಳು ಒಂದಕ್ಕೆರಡು ಎರಡಕ್ಕೆ ನಾಲ್ಕು ಎಂದು ಬೆಳೆಯುತ್ತ ಹೋಗುತ್ತವೆ. ಕೂಸು ಹುಟ್ಟುವ ಹೊತ್ತಿಗೆ ನಿಲ್ಲಬೇಕು. ಕೆಲವು ಮಕ್ಕಳಲ್ಲಿ ಯಾವುದೋ ಮೂಲೆಯ ಕೋಶಗಳು ನಿಲ್ಲುವುದಿಲ್ಲ. ಕೂಸು ಹೊರಗೆ ಬಂದು ಓಡಾಡುತ್ತಿದ್ದರೂ ಅವು ಇನ್ನೂ ಬಸಿರೊಳಗೇ ಇದ್ದೇವೆ ಎಂದುಕೊಂಡು ಬೆಳೆಯುತ್ತವೆ. ಅದೇ ಗಡ್ಡೆ.

“ಅಂದ್ರ ಲಗ್ನದ ಪಂಕ್ತಿಯೊಳಗ ಎಲಿ ಮ್ಯಾಲೆ ಕೈ ಅಡ್ಡ ಹಿಡದು ‘ಸಾಕು’ ಅಂತೀವಲ್ಲ, ಅದು,” ಎಂದಳು ಸಬೀನಾ. “ಅಡಗಿ ಮಾಡೂದಿಲ್ಲ, ಬಡಸೂದಿಲ್ಲ. ಬರೇ ‘ಸಾಕು’ ಅಂತೈತಿ. ಯಾರೂ ಅನ್ನಲಿಲ್ಲಂದ್ರ ಬಡಸಾಂವ ಸುರೀತಾನ ಇರ್ತಾನ.”

“ಏ, ಭಾಳ ಛಲೋ ಹೇಳಿದಿ!” ಜಾಹ್ನವಿ ಚಪ್ಪಾಳೆ ಹೊಡೆದಳು. ತಾನು ಹುಡುಕುತ್ತಿದ್ದ ಆ ಸಣ್ಣ ಎಳೆಗೆ ಅಂದಿನಿಂದ ಅವಳು ‘ಸಾಕು’ ಎಂದೇ ಹೆಸರಿಟ್ಟಳು. ‘ಸಾಕು’ ಕಡಿಮೆ ಇರುವ ಮಕ್ಕಳಲ್ಲಿ ರೋಗ ಮರಳುತ್ತದೆ, ಇರುವವರಲ್ಲಿ ಮರಳುವುದಿಲ್ಲ ಎನ್ನುವುದು ಅವಳ ಊಹೆ. ಅದು ಖರೆಯಾದರೆ ಯಾವ ಕೂಸಿಗೆ ಗಟ್ಟಿ ಔಷಧ, ಯಾವುದಕ್ಕೆ ಹಗುರ ಎಂದು ಮೊದಲೇ ತಿಳಿಯುವ ದಾರಿ ಮುಂದೊಂದು ದಿನ ಆದೀತು.

ಮಕ್ಕಳ ಹೆಸರು, ತಂದೆಯ ಹೆಸರು ಹೊರಗೆ ಕೊಡುವಂತಿಲ್ಲ ಎನ್ನುವುದು ನಿಯಮ. ಆದ್ದರಿಂದ ಹಳೆಯ ರಿಜಿಸ್ಟರು ನೋಡಿ, ಹೆಸರು ಬಿಟ್ಟು, ಉಳಿದದ್ದನ್ನು ನಕಲು ಮಾಡುವ ಕೆಲಸ ಸಬೀನಾಳಿಗೆ ಬಂತು. ನಂಬರು, ಊರು, ವಯಸ್ಸು, ಎಡ ಕಿಡ್ನಿಯೋ ಬಲವೋ, ಕೊನೆಗೆ ಷರಾ, ಎಂದರೆ ಒಂದು ಮಾತಿನ ಟಿಪ್ಪಣಿ. ರಿಜಿಸ್ಟರು ಮೊದಲಿನಿಂದ ಕನ್ನಡದ್ದು. ತುಣುಕು ಪರೀಕ್ಷೆಗೆ ಸಾಕಾಗುವಷ್ಟಿದ್ದರೆ ಷರಾದಲ್ಲಿ ‘ಸಾಕು’, ಕಡಿಮೆ ಬಿದ್ದರೆ ‘ಸಾಲದು’. ಎಷ್ಟೋ ಪುಟಗಳ ತುಂಬ ಸಾಕು, ಸಾಕು, ಸಾಲದು, ಸಾಕು. ಮುಂದೆ ಆ ಮಕ್ಕಳು ಏನಾದರು ಎನ್ನುವುದನ್ನು ಜಾಹ್ನವಿ ಆಸ್ಪತ್ರೆಗಳ ಕಾಗದಗಳಿಂದ ತಾನೇ ಕೂಡಿಸಿದಳು. ಒಟ್ಟು ಇಪ್ಪತ್ತಾರು ಮಕ್ಕಳು.

ಆ ಮೊದಲ ದಿನ ಎದ್ದು ಹೊರಡುವಾಗ ಜಾಹ್ನವಿ ಬಾಗಿಲಲ್ಲಿ ನಿಂತು ಕೇಳಿದ್ದಳು: “ಅಂದಂಗ ನಿನ್ನ ತಮ್ಮ ಹೆಂಗದಾನ? ಹಿರೇವಡ್ಡಟ್ಟಿ ಖಾಲಾನ ಮನಿಗೆ ಕೊಟ್ಟಿದ್ರಲ್ಲ. ಈಗ ದೊಡ್ಡಾಂವ ಆಗಿರಬೇಕು.”

“ಅದಾನ,” ಎಂದಳು ಸಬೀನಾ.

“ಎಲ್ಲಿ ಇರ್ತಾನ?”

“ಇಲ್ಲೇ. ಗದಗದಾಗ.”

ಸುಳ್ಳಲ್ಲ. ಅವನು ಕಪಾಟಿನಲ್ಲಿದ್ದ. ಹನ್ನೊಂದನೆಯ ನಂಬರಿನಲ್ಲಿ ಒಮ್ಮೆ, ಹತ್ತೊಂಬತ್ತರಲ್ಲಿ ಇನ್ನೊಮ್ಮೆ.

ಅದು ಹೀಗೆ. ಸಬೀನಾ ಹುಟ್ಟಿದ ಮೇಲೆ ತಾಯಿ ಅಲ್ಮಾಸಬಿಗೆ ಎರಡು ಕೂಸು ಉಳಿಯಲಿಲ್ಲ. ಹದಿನೇಳು ವರ್ಷಕ್ಕೆ ಅಲ್ಲಾಉದ್ದೀನ ಹುಟ್ಟಿದ. ಅವನನ್ನು ಸಬೀನಾ ತಮ್ಮನಂತೆ ಆಡಿಸಲಿಲ್ಲ, ಮಗನಂತೆ ಆಡಿಸಿದಳು. ತಾಯಿ ಎತ್ತಿಕೊಂಡರೂ ಅವಳಿಗೆ ಸಹಿಸುತ್ತಿರಲಿಲ್ಲ. ಮೂರನೆಯ ವರ್ಷ, ಸ್ನಾನ ಮಾಡಿಸುವಾಗ, ಅವನ ಹೊಟ್ಟೆಯ ಎಡಕ್ಕೆ ಗಂಟು ಅವಳ ಕೈಗೇ ಹತ್ತಿತು. ಗದಗದಲ್ಲಿ ಆಪರೇಶನ್ ಮಾಡಿ ಎಡ ಕಿಡ್ನಿ ತೆಗೆದರು. ಮನೆಯವರು ಕೇಳಿದವರಿಗೆಲ್ಲ ‘ಹೊಟ್ಟ್ಯಾಗ ಗಂಟಿತ್ತು, ತಗದ್ರು’ ಎಂದಷ್ಟೇ ಹೇಳಿದರು. ಜಾಹ್ನವಿಗೆ ಗೊತ್ತಿದ್ದದ್ದೂ ಅಷ್ಟೇ.

ಔಷಧ ಮುಗಿದ ಮೇಲೆ ಹಿರಿಯರು ಸೇರಿ, ಹುಡುಗನನ್ನು ಮಾರಬೇಕು ಎಂದರು. ಮಾರುವುದೆಂದರೆ ಗಾಬರಿಯಾಗಬೇಡಿ, ನಮ್ಮ ಕಡೆ ಇದು ಹಿಂದಿನಿಂದ ಬಂದದ್ದು, ಹಿಂದೂ ಮುಸಲ್ಮಾನ ಎನ್ನುವ ಭೇದ ಇದಕ್ಕಿಲ್ಲ. ಕೂಸು ಉಳಿಯದ ಮನೆಯವರು ಇದ್ದ ಕೂಸನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಹೆಸರು ಬದಲು, ಅಪ್ಪ ಅಮ್ಮ ಬದಲು, ಊರೂ ಬದಲು. ರೋಗ ಹುಡುಕಿಕೊಂಡು ಬಂದರೆ ಅದಕ್ಕೆ ವಿಳಾಸ ಸಿಗಬಾರದು. ಲಕ್ಷ್ಮೇಶ್ವರದ ದರ್ಗಾದ ಕಟ್ಟೆಯ ಮೇಲೆ ಅಲ್ಮಾಸಬಿಯ ತಂಗಿ ಶಮಶಾದಬಿ, ಅಂದರೆ ಸಬೀನಾಳ ಖಾಲಾ, ಅಕ್ಕನ ಸೆರಗಿಗೆ ಬೆಲೆಯೆಂದು ಒಂದು ಸೇರು ಜೋಳ ಸುರಿದಳು, ಹುಡುಗನನ್ನು ಎತ್ತಿಕೊಂಡಳು. “ಇನ್ ಮ್ಯಾಲೆ ಇಂವ ನನ್ನ ಮಗ ಮಾಶಾಕ,” ಎಂದಳು. ರಹಮಾನಸಾಬ ಮನೆಗೆ ಬಂದು ಕಟ್ಟಪ್ಪಣೆ ಮಾಡಿದ: “ಹಳೇ ಹೆಸರು ಯಾರೂ ತಗೀಬಾರ್ದು. ತಗದ್ರ ರೋಗ ಓ ಅಂತೈತಿ.”

ಹುಡುಗ ಹಿರೇವಡ್ಡಟ್ಟಿಯ ಹೊಲಮನೆಯಲ್ಲಿ ಬೆಳೆದ. ಆರು ತಿಂಗಳಿಗೆ ಸಬೀನಾ ನೋಡಲು ಹೋದಾಗ ಅವನು ಶಮಶಾದಬಿಯ ಸೀರೆಯ ಹಿಂದೆ ಅಡಗಿ, “ಅಮ್ಮಾ, ಯಾರ ಬಂದಾರ?” ಎಂದ. ಆ ಒಂದು ಮಾತಿಗೆ ಸಬೀನಾಳ ಎದೆಯಲ್ಲಿ ಹೊತ್ತಿದ್ದು ಆರಲೇ ಇಲ್ಲ. ಕಾಲೇಜು ಬಿಟ್ಟದ್ದು ಅವನಿಗಾಗಿ. ಅವನು ನಕ್ಕದ್ದು ಖಾಲಾಳಿಗೆ. ನಿಜ ಹೇಳಬೇಕೆಂದರೆ ಜಾಹ್ನವಿ ಬಹಳ ಆಮೇಲಿನವಳು. ಸಬೀನಾಳ ಹೊಟ್ಟೆಕಿಚ್ಚಿಗೆ ಮೊದಲ ಸೌದೆ ಇಟ್ಟದ್ದು ಸ್ವಂತ ಖಾಲಾ, ಅದೂ ಏನೂ ತಪ್ಪು ಮಾಡದೆ.

ಎರಡು ವರ್ಷ ಹಳೆಯ ಡಾಕ್ಟರು ನೋಡಿ ನೋಡಿ ‘ಆರಾಮ’ ಎಂದು ಬರೆದರು. ಎರಡೂವರೆ ವರ್ಷಕ್ಕೆ ಬಲಗಡೆ ಗಂಟು ಬಂತು. ಹಳೆಯ ಚೀಟಿಯಲ್ಲಿ ಹಳೆಯ ಹೆಸರಿದೆ, ಅದೇ ರೋಗವನ್ನು ಕರೆತಂದಿತು ಎಂದು ಅಲ್ಮಾಸಬಿ ಚೀಟಿಗಳನ್ನೆಲ್ಲ ತುಂಗಭದ್ರೆಗೆ ಬಿಡಿಸಿ, ಹುಡುಗನನ್ನು ಬೇರೆ ಡಾಕ್ಟರಿಗೆ ತೋರಿಸಿದಳು. ಆ ಡಾಕ್ಟರಿಗೆ ಹೊಟ್ಟೆಯ ಮೇಲಿನ ಗಾಯದ ಗುರುತು ಕಂಡಿತು, ಶಮಶಾದಬಿಯೂ ಹಿಂದಿನದನ್ನು ಹೇಳಿದಳು. ಚಿಕಿತ್ಸೆಗೆ ಏನೂ ಕುಂದಾಗಲಿಲ್ಲ. ಆದರೆ ತುಣುಕಿನ ಜೊತೆ ಲ್ಯಾಬಿಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಮಾಶಾಕ, ತಂದೆ ಮರ್ದಾನಸಾಬ, ಊರು ಹಿರೇವಡ್ಡಟ್ಟಿ, ಬಲ ಕಿಡ್ನಿ.

ಆ ದಿನ ರಿಜಿಸ್ಟರು ಬರೆಯುವ ಪಾಳಿ ಸಬೀನಾಳದು. ಮರ್ದಾನಸಾಬ ಎಂದರೆ ಖಾಲಾಳ ಗಂಡ. ‘ತಂದೆ’ ಎನ್ನುವಲ್ಲಿ ತನ್ನ ಅಬ್ಬಾನ ಹೆಸರು ಬಿಟ್ಟು ಅವನದನ್ನು ಬರೆಯುವಾಗ ಅವಳ ಕೈ ನಿಂತಿತು. ಹಳೆಯ ಹೆಸರು ಬರೆಯಲು ಧೈರ್ಯವಿಲ್ಲ, ಹುಡುಗ ಇನ್ನೂ ಉಸಿರಾಡುತ್ತಿದ್ದಾನೆ. ಪೂರಾ ಸುಳ್ಳು ಬರೆಯಲು ಮನಸ್ಸಿಲ್ಲ. ಕೊನೆಗೆ ಷರಾದಲ್ಲಿ ಒಂದು ಪದ ಬರೆದಳು: ‘ಸಾಕು’. ಸಾಕು ಮಗ, ಹೆತ್ತ ಮಗನಲ್ಲ ಎಂದು. ಆಮೇಲೆ ತಮ್ಮನ ತುಣುಕನ್ನು ತಾನೇ ಮೇಣದಲ್ಲಿ ಕೂರಿಸಿ ತಾನೇ ಕೊಯ್ದಳು. ಮರುವರ್ಷ ಅವನು ಹೋದ. ಹಿರೇವಡ್ಡಟ್ಟಿಯಲ್ಲೇ ಮಣ್ಣಾದ, ಮಾಶಾಕನಾಗಿಯೇ.

ಇಷ್ಟನ್ನು ಎದೆಯಲ್ಲಿಟ್ಟುಕೊಂಡೇ ಸಬೀನಾ ಗೆಳತಿಗೆ ನಕಲು ಮಾಡಿಕೊಟ್ಟಳು. ಹನ್ನೊಂದು: ಲಕ್ಷ್ಮೇಶ್ವರ, ಮೂರು ವರ್ಷ, ಎಡ. ಹತ್ತೊಂಬತ್ತು: ಹಿರೇವಡ್ಡಟ್ಟಿ, ಐದು ವರ್ಷ, ಬಲ, ಷರಾ: ಸಾಕು. ಇದ್ದದ್ದನ್ನು ಇದ್ದ ಹಾಗೆ. ಇಬ್ಬರೂ ಒಬ್ಬನೇ ಎಂದು ಹೇಳಬೇಕೆಂದು ಆಗ ಹೊಳೆಯಲಿಲ್ಲವೇ ಎಂದು ಕೇಳಿದರೆ, ಹೊಳೆದಿತ್ತು. ಹೇಳಿದರೆ ‘ಅಯ್ಯೋ ಪಾಪ’ ಎನ್ನುತ್ತಾಳೆ, ಆ ನುಣುಪು ಕೈ ನನ್ನ ಭುಜದ ಮೇಲೆ ಇಡುತ್ತಾಳೆ ಎಂದು ಅವಳಿಗೆ ಮೈ ಉರಿಯಿತು. ಹೇಳಲಿಲ್ಲ.

ಮೂರು ತಿಂಗಳಿಗೆ ಕಾಲೇಜಿನಲ್ಲಿ ಜಾಹ್ನವಿಯ ಭಾಷಣವಾಯಿತು. ಸಬೀನಾಳಿಗೂ ಕರೆ ಇತ್ತು, ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಇಸ್ತ್ರಿ ಸೀರೆಯ ಜಾಹ್ನವಿ ವೇದಿಕೆಯ ಮೇಲೆ ಕೈ ಅಡ್ಡ ಹಿಡಿದು ತೋರಿಸಿದಳು: “ಲಗ್ನದ ಪಂಕ್ತಿಯಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ಬಡಿಸುವವನಿಗೆ ‘ಸಾಕು’ ಎನ್ನದಿದ್ದರೆ ಏನಾಗುತ್ತದೆ?” ಸಭೆ ನಕ್ಕಿತು, ಚಪ್ಪಾಳೆ ಬಿತ್ತು. ಮರುದಿನ ಪತ್ರಿಕೆಯಲ್ಲಿ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ಅದೇ ಮಾತು. ಯಾರು ಹೇಳಿಕೊಟ್ಟದ್ದೆಂದು ಅದರಲ್ಲಿ ಇರಲಿಲ್ಲ. ಎಮ್ಮೆ ಒಬ್ಬರದು, ಹೈನು ಇನ್ನೊಬ್ಬರದು.

“ನಿನ್ನ ಗೆಳತಿ ಪೇಪರಿನ್ಯಾಗ ಬಂದಾಳ ನೋಡು,” ಎಂದ ಗಂಡ ಮುಸ್ತಾಕ, ಪಾಪದವನು, ಏನೂ ತಿಳಿಯದೆ. ಸಬೀನಾ ಆ ಹಾಳೆಯನ್ನು ರೊಟ್ಟಿ ಕಟ್ಟಲು ಬಳಸಿದಳು. ಫೋಟೋ ಒಳಗಡೆ ಬರುವಂತೆ ಮಡಚಿದಳು.

ಅಂಥವಳಿಗೆ ಒಂದು ದಿನ ಹಬ್ಬವೇ ಬಂತು. ಜಾಹ್ನವಿ ಮುಖ ಸಣ್ಣ ಮಾಡಿಕೊಂಡು ಲ್ಯಾಬಿಗೆ ಬಂದಳು.

“ಎಲ್ಲಾ ಕೆಡ್ತು ಸಬೀನಾ. ಐದು ಮಕ್ಕಳೊಳಗ ‘ಸಾಕು’ ಇಲ್ಲಾ ಅನ್ನೂ ಹಂಗ ಅದ. ಅದರಾಗ ನಾಲ್ಕಕ್ಕ ರೋಗ ಕೆಟ್ಟ ರೀತಿ ಹೋಗ್ಯದ, ನಾ ಅಂದಂಗ. ಹನ್ನೊಂದನೇದು ಮಾತ್ರ ಆರಾಮ ಅದ! ಎರಡು ವರ್ಷ ನೋಡ್ಯಾರ, ಏನೂ ಇಲ್ಲ. ಇದೊಂದು ಕೂಸು ನನ್ನ ಮೂರು ವರ್ಷದ ಕೆಲಸ ನೀರಾಗ ಹಾಕ್ತು. ನಾಲ್ಕು ಸಲ ತಪಾಸಣಿ ಮಾಡೀನಿ, ತಪ್ಪಿಲ್ಲ.”

“ಹೌದಾ?” ಎಂದಳು ಸಬೀನಾ. ಒಳಗೆ ಹಾಲು ಉಕ್ಕಿದಂತಾಯಿತು.

“ತಮಾಷೆ ಅಂದ್ರ, ಹನ್ನೊಂದು ಮತ್ತ ಹತ್ತೊಂಬತ್ತು ಅವಳಿ ಜವಳಿ ಇದ್ದಂಗ ಅದಾವ. ಒಂದು ಉಳೀತು, ಒಂದು ಸತ್ತಿತು. ಯಾಕ?”

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಹಾಗೆ ಪಟ್ಟಿಯನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. ಷರಾ ಕಣ್ಣೆದುರಿಗೇ ಇತ್ತು. ಎಳೆಗೂ ‘ಸಾಕು’ ಎಂದು ಹೆಸರಿಟ್ಟವಳು, ಅಕ್ಕೋರ ಮಗಳು, ಆ ಪದದ ಇನ್ನೊಂದು ಅರ್ಥ ಕಾಣದೆ ಹೋದಳು. ಬರೆದದ್ದಂತೂ ಬರೆದೈತಿ, ಓದಾಕ ಬರಲಿಲ್ಲಂದ್ರ ನಾ ಏನ ಮಾಡ್ಲಿ ಎಂದು ಸಬೀನಾ ತನಗೆ ತಾನೇ ನ್ಯಾಯ ಹೇಳಿಕೊಂಡಳು. ಅಂದು ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಹಾಡೂ ಗುನುಗಿದಳೆಂದು ಮುಸ್ತಾಕ ಹೇಳುತ್ತಾನೆ.

ಆದರೆ ಹೊಟ್ಟೆಕಿಚ್ಚಿನ ಸುಖ ಬಾಯಿ ಸುಡುವ ತುಪ್ಪ. ಆ ಭಾನುವಾರ ಲಕ್ಷ್ಮೇಶ್ವರಕ್ಕೆ ಹೋದಾಗ ತಾಯಿ ಜೋಳ ಹಸನು ಮಾಡುತ್ತಿದ್ದಳು. ಸಬೀನಾ ಎದುರು ಕೂತು, ಏನೋ ಕೇಳುವವಳಂತೆ, “ಅಮ್ಮಾ, ಅಲ್ಲಾ...” ಎಂದಳು. ಅಲ್ಮಾಸಬಿಯ ಕೈ ಮೊರದಲ್ಲೇ ನಿಂತಿತು. ಹದಿನೈದು ವರ್ಷದ ಹಿಂದಿನ ಅಂಜಿಕೆ ಆ ಮುಖದಲ್ಲಿ ಹಾಗೇ ಇತ್ತು.

“ಹೋದ ಹೆಸರು ತಗೀಬ್ಯಾಡ. ಅದು ನಮ್ಮದಲ್ಲ. ಮಾರೀವಿ.”

“ಅಂವ ಹೋಗಿ ಹನ್ನೆರಡು ವರ್ಷ ಆತಲ್ಲ ಅಮ್ಮಾ. ಇನ್ನ ಯಾರಿಗೆ ಅಂಜೂದು?”

“ಹೋದಾಂವ ಮಾಶಾಕ. ನನ್ನ ಮಗ ಹೋಗಿಲ್ಲ,” ಎಂದಳು ಅಲ್ಮಾಸಬಿ, ಮತ್ತೆ ಕಲ್ಲು ಆರಿಸತೊಡಗಿದಳು.

ಸಬೀನಾ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ಬಂದಳು. ತಾಯಿಯ ಮೇಲೂ ಅವಳಿಗೆ ಹೊಟ್ಟೆ ಉರಿಯಿತು. ಆ ಮುದುಕಿಗೆ ಇನ್ನೂ ಒಬ್ಬ ಮಗ ಉಳಿದಿದ್ದಾನೆ. ತನಗೆ ಉಳಿದದ್ದು ಎರಡು ಮೇಣದ ಬಿಲ್ಲೆ.

ಎಂಟು ದಿನಕ್ಕೆ ಜಾಹ್ನವಿ ಮತ್ತೆ ಬಂದಳು, ಈ ಸಲ ಮುಖ ಅರಳಿತ್ತು. ಸಬೀನಾ ಕೊಯ್ಯುವ ಯಂತ್ರದ ಮುಂದೆ ಕೂತಿದ್ದಳು. ತೆಳ್ಳಗಿನ ಮೇಣದ ಪಟ್ಟಿ ಕತ್ತಿಯಿಂದ ಒಂದೇ ಸಮ ಇಳಿದು ಬರುತ್ತಿತ್ತು.

“ದಾರಿ ಸಿಕ್ತು ನೋಡು. ನಮ್ಮ ಮ್ಯಾಲಿನವರು ಅಂದ್ರು, ಹನ್ನೊಂದನೇದನ್ನ ತಗದ ಹಾಕಿಬಿಡು ಅಂತ. ಹಳೇ ಬ್ಲಾಕು, ಕೆಟ್ಟದ, ಲೆಕ್ಕಕ್ಕ ಬರೂದಿಲ್ಲ ಅಂತ ಒಂದು ಸಾಲು ಬರದ್ರ ಮುಗೀತು. ನನಗೂ ಪೂರಾ ಮನಸ್ಸಿಲ್ಲ, ಆದ್ರ...”

ಪಟ್ಟಿ ಹರಿಯಿತು. ಸಬೀನಾ ಯಂತ್ರದ ಹಿಡಿಕೆ ಬಿಟ್ಟು ತಿರುಗಿದಳು.

“ಕೆಟ್ಟೈತಾ? ಯಾವುದು ಕೆಟ್ಟೈತಿ? ನಾ ಕೊಯ್ದು ಕೊಟ್ಟೀನಿ ಅದನ್ನ. ನಾಲ್ಕು ಸಲ ತಪಾಸಣಿ ಮಾಡಿದಿ, ತಪ್ಪಿಲ್ಲ ಅಂತ ನೀನ ಅಂದಿ.”

“ಅಂದೆ, ಖರೆ. ಆದ್ರ ಅದೊಂದು ಲೆಕ್ಕ ಕೆಡಸ್ತದಲ್ಲ. ಒಂದು ನಂಬರು ಹೋದ್ರ ಏನಾಗ್ತದ?”

ಈ ಮಾತು ಕೇಳಿ ಸಬೀನಾಳಿಗೆ ಏನಾಯಿತೋ, ಹದಿನೈದು ವರ್ಷದ್ದು ಒಮ್ಮೆಲೇ ಬಾಯಿಗೆ ಬಂತು.

“ಏನಾಗ್ತದಾ? ಎಲ್ಲಾ ನೀನ ತಗೊಂಡಿ ಜಾಹ್ನವಿ. ನನಗ ಒಂಬತ್ತು ಮಾರ್ಕ್ಸ್ ಹೆಚ್ಚಿದ್ವು, ಓದು ನೀ ತಗೊಂಡಿ. ನಾ ಹೇಳಿದ ಮಾತು ನಿನ್ನ ಬಾಯಾಗ ಪೇಪರಿನ್ಯಾಗ ಬಂತು. ನೀ ಈ ಬಾಗಲಾಗ ಬಂದ ದಿನದಿಂದ ನನ್ನ ಹೊಟ್ಟಿ ಉರಿಯಾಕ ಹತ್ತೈತಿ, ನಿನ್ನ ಕೆಲಸ ಕೆಡ್ತು ಅಂದ ದಿನ ನಾ ಹೊಟ್ಟಿ ತುಂಬ ಉಂಡೀನಿ. ಅದೆಲ್ಲಾ ಇರ್ಲಿ. ಆದ್ರ ಅವನ್ನ ತಗದ ಹಾಕಾಕ ನೀ ಯಾರು?”

ಜಾಹ್ನವಿ ಬೆರಗಾಗಿ ನಿಂತಳು. “ಯಾರನ್ನ?”

“ಪಟ್ಟಿ ತಗಿ. ಹತ್ತೊಂಬತ್ತನೇದರ ಷರಾ ಓದು.”

“‘ಸಾಕು’.”

“ಅಂದ್ರ ಏನು?”

“ಅಂದ್ರ... ತುಣುಕು ಸಾಕಾಗುವಷ್ಟದ ಅಂತ. ಎಲ್ಲಾದಕ್ಕೂ ಹಂಗ ಬರದಾರಲ್ಲ.”

“ಅಕ್ಕೋರ ಮಗಳು ನೀನು. ಸಾಕಿದ ಕೂಸಿಗೆ ಏನಂತಾರ ಕನ್ನಡದಾಗ?”

ಜಾಹ್ನವಿಯ ತುಟಿ ಆ ಪದವನ್ನು ಸದ್ದಿಲ್ಲದೆ ಇನ್ನೊಮ್ಮೆ ಓದಿತು. ಸಾಕು ಮಗ. ಹಿರೇವಡ್ಡಟ್ಟಿ. ಬೆರಳು ಪಟ್ಟಿಯಲ್ಲಿ ಮೇಲಕ್ಕೆ ಹೋಯಿತು. ಹನ್ನೊಂದು, ಲಕ್ಷ್ಮೇಶ್ವರ, ಮೂರು ವರ್ಷ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

“ಹೊಟ್ಟ್ಯಾಗ ಗಂಟು ಅಂದಿದ್ರಿ... ಇಲ್ಲೇ ಗದಗದಾಗ ಅದಾನ ಅಂದಿದ್ದೀ...”

“ಅದಾನ. ಮ್ಯಾಲಿನ ಖಾನೇದಾಗ ಒಮ್ಮೆ, ಕೆಳಗಿನ ಖಾನೇದಾಗ ಒಮ್ಮೆ.” ಸಬೀನಾ ಉಸಿರು ತೆಗೆದುಕೊಂಡಳು. ಅಬ್ಬಾನ ಕಟ್ಟಪ್ಪಣೆ ನೆನಪಿತ್ತು. “ಅಲ್ಲಾಉದ್ದೀನ,” ಎಂದಳು. ಹದಿನೈದು ವರ್ಷದಲ್ಲಿ ಮೊದಲ ಸಲ. ಯಾರೂ ಓ ಅನ್ನಲಿಲ್ಲ. ಕೆಳಗಿನ ರಸ್ತೆಯಲ್ಲಿ ಬೆಟಗೇರಿಯ ಬಸ್ಸು ಹಾರನ್ ಹೊಡೆದು ಹೋಯಿತು, ಅಷ್ಟೇ.

ಜಾಹ್ನವಿ ಅತ್ತಳು. ಆ ಹುಡುಗನನ್ನು ಅವಳೂ ಎತ್ತಿ ಆಡಿಸಿದ್ದಳು. ಸಬೀನಾ ಅಳಲಿಲ್ಲ, ಅಳುವುದರಲ್ಲಿಯೂ ಇವಳೇ ಮುಂದೆ ಎಂದು ಅವಳಿಗೆ ಸಣ್ಣಗೆ ಉರಿಯಿತು. ಮನುಷ್ಯ ಒಂದು ದಿನಕ್ಕೆ ಬದಲಾಗುವುದಿಲ್ಲ.

“ಅಂದ್ರ ರೋಗ ತಿರುಗಿ ಬಂದಿತ್ತು,” ಎಂದಳು ಜಾಹ್ನವಿ ಕಡೆಗೆ, ಮೂಗು ಒರೆಸಿಕೊಳ್ಳುತ್ತ. “ಅಂವ ಲೆಕ್ಕ ಕೆಡಸಿಲ್ಲ. ಕೆಡಸಿದ್ದು ನಾನು. ‘ಸಾಕು’ ಇಲ್ಲದ ಮಕ್ಕಳು ಐದಲ್ಲ, ನಾಲ್ಕು, ನಾಲ್ಕಕ್ಕೂ ರೋಗ ಕೆಟ್ಟದಾಗೇ ಹೋಗ್ಯದ. ಒಟ್ಟು ಇಪ್ಪತ್ತಾರಲ್ಲ, ಇಪ್ಪತ್ತೈದು. ಆದ್ರ ಇದನ್ನ ಬರೀಬೇಕಂದ್ರ ನಿಮ್ಮ ಮನ್ಯವರು ಒಪ್ಪಬೇಕು. ಅಮ್ಮಾ ಒಪ್ತಾರೇನು?”

“ಅಮ್ಮಾಗ ಮಗ ಅದಾನ, ಇರ್ಲಿ ಬಿಡು. ಹೆಸರು ಬರೂದಿಲ್ಲಲ್ಲ. ಅಬ್ಬಾಗ ನಾ ಹೇಳ್ತೀನಿ, ಅವನ ಕಡೆ ಸಹಿ ತರ್ತೀನಿ.”

“ಮತ್ತ ನಿನ್ನ ಹೆಸರು? ಪ್ರಬಂಧದಾಗ ನನ್ನ ಹೆಸರಿನ ಜೋಡಿ ನಿಂದೂ ಹಾಕ್ತೀನಿ. ‘ಸಾಕು’ ಅನ್ನೂದು ನಿನ್ನ ಮಾತು, ಅದನ್ನೂ ಹಾಕ್ತೀನಿ.”

ಬೇರೆ ಕತೆಯಾಗಿದ್ದರೆ ಬೇಡ ಎನ್ನುತ್ತಿದ್ದಳು. ಸಬೀನಾ ಹೇಳಿದ್ದು, “ಹಾಕು. ಮೊದಲಿಗೆ ಹಾಕಿದ್ರ ಭಾಳ ಛಲೋ ಇತ್ತು. ಎರಡನೇದೂ ನಡೀತೈತಿ.”

ಇಬ್ಬರೂ ಹಿಂದಿನ ಕೋಣೆಗೆ ಹೋದರು. ಸಬೀನಾ ಸೊಂಟದ ಕೀಲಿ ತೆಗೆದು ಕಪಾಟು ತೆರೆದಳು. ಮೇಲಿನ ಖಾನೆಯ ಬ್ಲಾಕನ್ನು ತಂದು ಕೆಳಗಿನ ಖಾನೆಯ ಬ್ಲಾಕಿನ ಪಕ್ಕ ಇಟ್ಟಳು. ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಆಮೇಲೆ ಹಳೆಯ ರಿಜಿಸ್ಟರನ್ನು ಇಳಿಸಿ ಆ ಪುಟಕ್ಕೆ ತೆಗೆದಳು.

“ದೊಡ್ಡ ಡಾಕ್ಟರನ್ನ ಕೇಳಿ ಇಲ್ಲೂ ತಿದ್ದಬೇಕಲ್ಲ,” ಎಂದಳು ಜಾಹ್ನವಿ. “ಷರಾದಾಗ ಏನ ಬರೀತಿ? ‘ಹನ್ನೊಂದನೇದು ನೋಡ್ರಿ’ ಅಂತ ಬರದ್ರ ಸಾಕಲ್ಲ?”

“ಅದನ್ನ ಆಮ್ಯಾಲೆ ಕೇಳಿ ಬರೀತೀನಿ,” ಎಂದಳು ಸಬೀನಾ. “ಮೊದಲ ಈ ‘ಸಾಕು’ ಹೊಡದ ಹಾಕ್ಬೇಕು. ಅಂವ ನಮ್ಮ ಮನಿ ಹುಡುಗ.”

ಪೆನ್ನಿನ ಮಸಿ ಮೊದಲು ಇಳಿಯಲಿಲ್ಲ. ಅವಳು ಅದನ್ನು ಒಮ್ಮೆ ಜಾಡಿಸಿ, ಆ ಎರಡಕ್ಷರದ ಮೇಲೆ ಒಂದು ಗೆರೆ ಎಳೆದಳು.